ನೆಲೆ ನಿಲ್ಲುವ ಮುನ್ನ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡುವ ಅರ್ಹತೆ ನನಗಿದೆಯೆಂದು ನಾನು ಭಾವಿಸಿಲ್ಲ. ನಾನು ವಿದ್ವಾಂಸನಲ್ಲ, ಸಾಹಿತಿಯೂ ಅಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವವನು. ಗೃಹಸಾಲದ ಕಾಗದಪತ್ರಗಳು ದಿನವೂ ನನ್ನ ಮೇಜನ್ನು ಹಾದುಹೋಗುತ್ತವೆ. ನನಗಿಂತ ಎಂಟು ಹತ್ತು ವರ್ಷ ಚಿಕ್ಕವರು ಇಪ್ಪತ್ತು ವರ್ಷಗಳ ಕಂತಿಗೆ ರುಜು ಹಾಕಿ ನಗುತ್ತ ಹೋಗುವುದನ್ನು ಕಾಣುತ್ತೇನೆ. ನನಗೀಗ ಮೂವತ್ತೈದು ವರ್ಷ; ಮದುವೆಯಿಲ್ಲ, ಸ್ವಂತ ಮನೆಯಿಲ್ಲ. ಸಂಘದ ಯಾವ ಸಮಾರಂಭಕ್ಕೆ ಬಂದರೂ, ಊಟದೆಲೆಗೆ ಕೋಸಂಬರಿ ಬೀಳುವಾಗಲೇ "ಯಾವಾಗಪ್ಪಾ ನೆಲೆ ನಿಲ್ಲುವುದು?" ಎಂಬ ಪ್ರಶ್ನೆಯೂ ಬೀಳುತ್ತದೆ. ತಾವು ಪ್ರೀತಿಯಿಂದಲೇ ಕೇಳುತ್ತೀರೆಂದು ಬಲ್ಲೆ. ಇಂದು ಅದಕ್ಕೆ ಉತ್ತರ ಅರಿಕೆ ಮಾಡಿಕೊಳ್ಳುತ್ತೇನೆ.

2024ರ ಜನವರಿಯಲ್ಲಿ ಹದಿನಾರು ದಿನಗಳ ರಜೆ ಪಡೆದು, ಹಳೆಯ ಮೋಟಾರು ಸೈಕಲ್ಲನ್ನೇರಿ, ಒಬ್ಬನೇ ಮುಂಬಯಿಯಿಂದ ಕನ್ಯಾಕುಮಾರಿಗೆ ಹೋಗಿಬಂದೆ. ಹೋಗುವಾಗ ಪನ್ವೇಲಿನಿಂದ ಕರಾವಳಿಗುಂಟ ಇಳಿಯುವ 66ನೆಯ ರಾಷ್ಟ್ರೀಯ ಹೆದ್ದಾರಿ. ಬರುವಾಗ ಮಧುರೆ, ಸೇಲಂ, ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳ ದಾರಿ. ಒಟ್ಟು ಮೂರು ಸಾವಿರ ಕಿಲೋಮೀಟರು ಮೀರಿತು.

ಅದೇ ಸಮಯಕ್ಕೆ ನನಗೊಂದು ಸಂಬಂಧ ಕೂಡಿಬರುವುದರಲ್ಲಿತ್ತು. ಸಂಕ್ರಾಂತಿ ಕಳೆದೊಡನೆ ನಿಶ್ಚಿತಾರ್ಥವಾಗಬೇಕೆಂದು ಹೆಣ್ಣಿನ ಕಡೆಯವರ ಅಪೇಕ್ಷೆ. ಒಂದು ತಿಂಗಳು ತಡೆಯಿರೆಂದು ಬೇಡಿಕೊಂಡೆ, ಅವರು ತಡೆಯಲಿಲ್ಲ. ತಪ್ಪು ಅವರದಲ್ಲ. ಮುಹೂರ್ತಕ್ಕಿಂತ ರಸ್ತೆ ಮುಖ್ಯವೆನ್ನುವ ವರನನ್ನು ಶಂಕಿಸುವುದು ಸಹಜವೇ. ಅಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅಪ್ಪಯ್ಯ ಒಂದೇ ಮಾತು ಕೇಳಿದರು: "ನಾನು ಊರು ಬಿಟ್ಟದ್ದು ಹೊಟ್ಟೆಪಾಡಿಗೆ. ನೀನು ಹೊರಡುವುದು ಎಂತಕ್ಕೆ?"

ಅವರು 1976ರಲ್ಲಿ, ಹದಿನೇಳರ ಹರೆಯದಲ್ಲಿ, ಕುಂದಾಪುರದ ಕಡೆಯಿಂದ ಬಸ್ಸು ಹತ್ತಿ ಬಂದವರು. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು 1998ರಲ್ಲಿ. ಆಗಿನವರಿಗೆ ಬಸ್ಸೇ ಗತಿ. ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಇರುಳು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರು. ಅಂಥವರ ಮುಂದೆ ಸಾಹಸವೆಂಬ ಶಬ್ದವನ್ನು ಉಚ್ಚರಿಸಲು ನನಗೆ ನಾಚಿಕೆಯಾಯಿತು.

ಆಗ ನನಗೆ ಧೈರ್ಯವಿತ್ತವರು ಐರ್ಲೆಂಡಿನ ಲೇಖಕಿ ಡೆರ್ವ್ಲಾ ಮರ್ಫಿ. 1931ರಲ್ಲಿ ಲಿಸ್ಮೋರ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದ ಆಕೆಗೆ ಹತ್ತನೆಯ ಹುಟ್ಟುಹಬ್ಬಕ್ಕೆ ಯಾರೋ ಬಳಸಿದ ಸೈಕಲ್ಲೂ ಒಂದು ಭೂಪಟದ ಪುಸ್ತಕವೂ ದೊರೆತವು. ಒಂದು ದಿನ ಸೈಕಲ್ಲಿನಲ್ಲಿ ಭಾರತಕ್ಕೆ ಹೋಗುವೆನೆಂದು ಆ ಹುಡುಗಿ ನಿಶ್ಚಯಿಸಿದಳು. ಆದರೆ ತಾಯಿ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು, ವರ್ಷಗಟ್ಟಲೆ ತಾಯಿಯ ಸೇವೆ ಮಾಡಿ, ತಂದೆತಾಯಿಗಳಿಬ್ಬರೂ ತೀರಿಕೊಂಡ ಮೇಲೆ, 1963ರ ಜನವರಿಯ ಕೊರೆಯುವ ಚಳಿಯಲ್ಲಿ ಆಕೆ ಫ್ರಾನ್ಸಿನ ಡಂಕರ್ಕಿನಿಂದ ಒಬ್ಬರೇ ಹೊರಟರು. ತುರ್ಕಿ, ಇರಾನ್, ಅಫಘಾನಿಸ್ತಾನ, ಪಾಕಿಸ್ತಾನಗಳನ್ನು ದಾಟಿ ಅದೇ ವರ್ಷದ ಜುಲೈನಲ್ಲಿ ದಿಲ್ಲಿ ಸೇರಿದರು.

ಆಕೆ ಮದುವೆಯಾಗಲಿಲ್ಲ. 1968ರಲ್ಲಿ ಮಗಳು ಹುಟ್ಟಿದಾಗ ದೂರ ಪ್ರಯಾಣವನ್ನು ಕೆಲವು ವರ್ಷ ಬದಿಗಿಟ್ಟರು. ಮಗಳಿಗೆ ಐದು ತುಂಬುವ ಹೊತ್ತಿಗೆ, 1973ರಲ್ಲಿ, ಅವಳ ಕೈಹಿಡಿದು ಬಂದುದು ನಮ್ಮ ಕೊಡಗಿಗೆ! ಇಷ್ಟೆಲ್ಲ ಸುತ್ತಿದವರು ಪ್ರತಿ ಸಲವೂ ಹಿಂದಿರುಗಿದುದು ಅದೇ ಲಿಸ್ಮೋರಿಗೆ. 2022ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ, ಕಣ್ಣುಮುಚ್ಚಿದುದೂ ಅಲ್ಲಿಯೇ. ಹೊರಡುವವನಿಗೆ ನೆಲೆಯೇ ಬೇಡವೆಂದು ನಾವು ತಿಳಿಯುತ್ತೇವೆ. ಈಕೆಯಷ್ಟು ಗಟ್ಟಿಯಾಗಿ ಒಂದು ಊರಿನಲ್ಲಿ ನೆಲೆನಿಂತವರು ನಮ್ಮಲ್ಲಿ ಎಷ್ಟು ಮಂದಿ?

ಇನ್ನು ನನ್ನ ಪ್ರಯಾಣದ ಮಾತು. ಹೊನ್ನಾವರದ ಬಳಿ, ಶರಾವತಿಯ ಸೇತುವೆ ದಾಟುವಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರ್ ಆಯಿತು. ಕತ್ತಲಾಗುತ್ತಿತ್ತು. ಗಾಡಿ ನೂಕಿಕೊಂಡು ಹೋದೆ. ಬಾಗಿಲು ಹಾಕುತ್ತಿದ್ದ ಅಂಗಡಿಯವ ಮತ್ತೆ ದೀಪ ಹಚ್ಚಿದ. ಟ್ಯೂಬಿಗೆ ತೇಪೆ ಹಾಕುತ್ತ "ಯಾವ ಊರು?" ಎಂದ. ಮುಂಬಯಿ ಎಂದೆ. "ಮತ್ತೆ ಈ ಕನ್ನಡ ಎಲ್ಲಿಂದ ಬಂತು?" "ಮನೆಯಿಂದ" ಎಂದೆ. "ಹಾಗಾದರೆ ಊರವರೇ" ಎಂದು ನಕ್ಕು, ಊಟಕ್ಕೆ ಒಳ್ಳೆಯ ಜಾಗ ತೋರಿಸಿದ. ನಾಲ್ವರು ಗೆಳೆಯರೊಡನೆ ಹೋಗಿದ್ದರೆ ನಾವು ನಮ್ಮೊಳಗೇ ಹರಟುತ್ತಿದ್ದೆವು. ಒಬ್ಬನೇ ಹೋದವನು ಪರರನ್ನು ನೆಚ್ಚಲೇಬೇಕು. ತಾನು ಯಾರೆಂದು ಹೇಳಲೂ ಬೇಕು.

ಮರುದಿನ ಕುಂದಾಪುರದಲ್ಲಿ ದೊಡ್ಡಪ್ಪಯ್ಯನ ಮನೆ. ಅಪ್ಪಯ್ಯನ ಪ್ರಶ್ನೆಯನ್ನು ಅವರಿಗೆ ಹೇಳಿದೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. "ಹೊಟ್ಟೆಪಾಡು ಹೌದು. ಆದರೆ ಇಲ್ಲೇ ಪೇಟೆಯಲ್ಲಿ ಜವಳಿ ಅಂಗಡಿಯ ಕೆಲಸ ಸಿಕ್ಕಿತ್ತಲ್ಲ! ಅವನಿಗೆ ಬೊಂಬಾಯಿ ಕಾಣಬೇಕಿತ್ತು ಮಾರಾಯ."

ಕನ್ಯಾಕುಮಾರಿಯಲ್ಲಿ ನನಗೆ ಜ್ಞಾನೋದಯವೇನೂ ಆಗಲಿಲ್ಲ. ಬೆನ್ನು ನೋಯುತ್ತಿತ್ತು, ಅಷ್ಟೆ. ಆದರೆ ಮನೆಗೆ ಬಂದು ಜವಳಿ ಅಂಗಡಿಯ ಮಾತೆತ್ತಿದಾಗ ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದು, ಆ ಬಸ್ಸಿನ ಪ್ರಯಾಣವನ್ನು ನನಗೆ ಮೊದಲ ಬಾರಿ ವಿವರವಾಗಿ ಹೇಳಿದರು. ಅಮ್ಮ ಕೈಕೆಲಸ ಬಿಟ್ಟು ಬಂದು ಕುಳಿತು ಕೇಳಿದರು. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದು ನಾನು ಕೇಳದಿದ್ದ ಕಥೆ ಅದು.

ಕೂಡಿಬರಲಿದ್ದ ಸಂಬಂಧ ತಪ್ಪಿದ ನಷ್ಟವನ್ನು ನಾನು ಮುಚ್ಚಿಡುವುದಿಲ್ಲ. ಖರ್ಚಿನ ಕಲಮನ್ನು ಅಳಿಸಿದರೆ ಲೆಕ್ಕ ಸರಿಯಾಗದು. ನನಗೂ ಮನೆ ಮಾಡುವ ಆಸೆಯುಂಟು. ಎಲ್ಲಿಗಾದರೂ ಹೊರಟಾಗ "ಹೋಗಿ ಬಾ" ಎನ್ನುವವರೊಡನೆ ಮಾಡಬೇಕೆಂಬುದಷ್ಟೇ ನನ್ನ ಹಟ.

ಕೊನೆಗೆ ಒಂದು ವಿನಂತಿ. ನಾನು ಗಂಡಸಾದುದರಿಂದ ಎರಡು ದಿನದ ಮೌನದಲ್ಲಿ ಪಾರಾದೆ. ನನ್ನ ತಂಗಿ ಇದೇ ಅನುಮತಿ ಬೇಡಿದ್ದರೆ ನಮ್ಮ ಮನೆಯ ಬಾಗಿಲಿಗೆ ಅಗುಳಿ ಬೀಳುತ್ತಿತ್ತು. ನಮ್ಮ ಹೆಣ್ಣುಮಕ್ಕಳಲ್ಲೂ ಹತ್ತರ ಹರೆಯದಲ್ಲಿ ಭೂಪಟದ ಮೇಲೆ ಬೆರಳಿಟ್ಟವರು ಇರಬಹುದು. ಊರು ಬಿಟ್ಟು ಬಂದ ನಾವೇ ಅವರನ್ನು ತಡೆದರೆ ಹೇಗೆ? "ಯಾವಾಗ ನೆಲೆ ನಿಲ್ಲುತ್ತೀ?" ಎಂದು ಕೇಳುವ ಮೊದಲು "ಎಲ್ಲಿಗೆ ಹೋಗಿದ್ದೆ, ಏನು ಕಂಡೆ?" ಎಂದು ಒಮ್ಮೆ ಕೇಳೋಣ.