ಗಸಗಸೆಯಿಂದ ವಿಯೆನ್ನಾದವರೆಗೆ

(ದೊಡ್ಡಬಳ್ಳಾಪುರದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಹಬ್ಬದೂಟಕ್ಕೆ ಗಸಗಸೆ ಪಾಯಸ ಮಾಡುವ ಮನೆಗಳು ಈ ಸೀಮೆಯಲ್ಲಿ ಬಹಳ. ಗಸಗಸೆ ಎಂದರೆ ಅಫೀಮು ಗಿಡದ ಬೀಜ. ಆ ಗಿಡದ ಹಸಿಕಾಯನ್ನು ಗೀರಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಭಾರತದ ಕಾನೂನಿನಲ್ಲಿ ಬೀಜಕ್ಕೆ ಅಡ್ಡಿಯಿಲ್ಲ. ಪರವಾನಗಿಯಿಲ್ಲದೆ ಅಫೀಮು ಇಟ್ಟುಕೊಂಡರೆ ಸೆರೆವಾಸ. ಆದರೆ ಅದೇ ಗಸಗಸೆಯನ್ನು ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ದುಬೈಗೆ ಒಯ್ದರೆ ಅಲ್ಲಿ ಅದು ನಿಷಿದ್ಧ ವಸ್ತು. ಹೀಗೆ ದೇಶಕ್ಕೊಂದು ನ್ಯಾಯವಿರುವಾಗ ಎಲ್ಲರನ್ನೂ ಒಂದು ಒಪ್ಪಂದಕ್ಕೆ ತರುವುದು ಸುಲಭದ ಮಾತಲ್ಲ.

ಆ ಪ್ರಯತ್ನ ಹಳೆಯದು. ಭಾರತದಲ್ಲಿ ಬೆಳೆದ ಅಫೀಮನ್ನು ಚೀನಾಕ್ಕೆ ಮಾರಿ ಬ್ರಿಟಿಷರು ಬೊಕ್ಕಸ ತುಂಬಿಕೊಂಡಿದ್ದರು. ಈ ವ್ಯಾಪಾರದ ವಿರುದ್ಧ ಎದ್ದ ಕೂಗಿನಿಂದ 1909ರಲ್ಲಿ ಶಾಂಘೈನಲ್ಲಿ ರಾಷ್ಟ್ರಗಳ ಸಭೆ ಸೇರಿತು. 1912ರಲ್ಲಿ ಹೇಗ್ ಒಪ್ಪಂದವಾಯಿತು. 1961ರಲ್ಲಿ ಹಳೆಯ ಒಪ್ಪಂದಗಳೆಲ್ಲ ಒಂದಾದವು. 1971ರಲ್ಲಿ ವಿಶ್ವಸಂಸ್ಥೆ ಮಾದಕವಸ್ತು ನಿಯಂತ್ರಣಕ್ಕೆಂದು ನಿಧಿಯೊಂದನ್ನು ತೆರೆಯಿತು. 1991ರಲ್ಲಿ ಅದರ ಸ್ಥಾನಕ್ಕೆ ಮಾದಕವಸ್ತು ನಿಯಂತ್ರಣ ಕಾರ್ಯಕ್ರಮ ಬಂತು. 1997ರಲ್ಲಿ ಅಪರಾಧ ತಡೆ ವಿಭಾಗವೂ ಜೊತೆ ಸೇರಿತು. ಇಂದಿನ ‘ಮಾದಕವಸ್ತು ಮತ್ತು ಅಪರಾಧ ಕಚೇರಿ’ ಎಂಬ ಹೆಸರು ಬಂದದ್ದು 2002ರಲ್ಲಿ. ಕೇಂದ್ರ ಕಚೇರಿ ವಿಯೆನ್ನಾದಲ್ಲಿ; ದಕ್ಷಿಣ ಏಷ್ಯಾದ ಪ್ರಾದೇಶಿಕ ಕಚೇರಿ ದೆಹಲಿಯಲ್ಲಿ. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ದೀವ್ಸ್ ಅದರ ವ್ಯಾಪ್ತಿಗೆ ಸೇರಿವೆ.

ಈ ಕಚೇರಿ ಯಾರನ್ನೂ ಬಂಧಿಸುವುದಿಲ್ಲ. ಆ ಕೆಲಸ 1986ರಲ್ಲಿ ಸ್ಥಾಪನೆಯಾದ ಕೇಂದ್ರದ ಮಾದಕವಸ್ತು ನಿಯಂತ್ರಣ ಬ್ಯೂರೊ, ರಾಜ್ಯದ ಪೊಲೀಸ್, ಅಬಕಾರಿ ಹಾಗೂ ಕಸ್ಟಮ್ಸ್ ಇಲಾಖೆಗಳದು. ತರಬೇತಿ, ಸಲಹೆ, ಸಮೀಕ್ಷೆ ಪ್ರಾದೇಶಿಕ ಕಚೇರಿಯ ಕೆಲಸ. ಭಾರತ ಸರ್ಕಾರದೊಡನೆ ಅದು 2004ರಲ್ಲಿ ಪ್ರಕಟಿಸಿದ ಸಮೀಕ್ಷೆ ದೇಶದಲ್ಲಿ ಗಾಂಜಾ ಬಳಸುವವರು 87 ಲಕ್ಷ, ಅಫೀಮು ವರ್ಗದ ವಸ್ತುಗಳನ್ನು ಬಳಸುವವರು 20 ಲಕ್ಷ ಎಂದು ಅಂದಾಜು ಮಾಡಿತು. ಮದ್ಯ ಸೇವಿಸುವವರು 6.25 ಕೋಟಿ! ಅಂತರರಾಷ್ಟ್ರೀಯ ಒಪ್ಪಂದಗಳ ಪಟ್ಟಿಯಲ್ಲೇ ಇಲ್ಲದ ಮದ್ಯ ಎಲ್ಲಕ್ಕಿಂತ ಮುಂದಿತ್ತು. ವ್ಯಸನವೆಂದರೆ ಬರೀ ಕಳ್ಳಸಾಗಣೆಯ ಪ್ರಶ್ನೆಯಲ್ಲ, ಆರೋಗ್ಯದ ಪ್ರಶ್ನೆಯೂ ಹೌದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಮನೆಯ ಮಾತು. ಮಗ ಗಾಂಜಾಕ್ಕೆ ಬಿದ್ದಿದ್ದಾನೆಂದು ಗೊತ್ತಾದರೆ ತಂದೆ ತಾಯಿ ಮೊದಲು ಹೆದರುವುದು ಮರ್ಯಾದೆಗೆ, ಆಮೇಲೆ ಪೊಲೀಸರಿಗೆ. ಹಾಗಾಗಿ ವಿಷಯ ಮುಚ್ಚಿಡುತ್ತಾರೆ; ರೋಗ ಬಲಿಯುತ್ತದೆ. 1985ರ ಮಾದಕವಸ್ತು ಕಾಯ್ದೆ ಕಠಿಣವಾದದ್ದು ನಿಜ. ಆದರೆ ಅದರ 64ಎ ಕಲಮು ಹೇಳುವುದೇ ಬೇರೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ವಸ್ತು ಹೊಂದಿದ್ದ ಆರೋಪಕ್ಕೆ ಒಳಗಾದ ವ್ಯಸನಿಯು ಸರ್ಕಾರದ ಅಥವಾ ಸರ್ಕಾರದ ಮನ್ನಣೆ ಪಡೆದ ಚಿಕಿತ್ಸಾಲಯಕ್ಕೆ ತಾನಾಗಿ ಹೋಗಿ ಚಿಕಿತ್ಸೆ ಪಡೆದರೆ ಆತನ ಮೇಲೆ ಮೊಕದ್ದಮೆ ನಡೆಯದು. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಮಾರಾಟಗಾರನಿಗಂತೂ ಈ ರಿಯಾಯಿತಿ ಇಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವೇ ಇದೆ. ದೊಡ್ಡಬಳ್ಳಾಪುರದಿಂದ ಅದು ಬಹು ದೂರವೇನಲ್ಲ. ವಿಯೆನ್ನಾದ ಒಪ್ಪಂದಗಳು ಇದ್ದಲ್ಲಿಯೇ ಇರಲಿ. ಮಗನನ್ನು ಕರೆದುಕೊಂಡು ಬಸ್ಸು ಹತ್ತಲು ಮನೆಯವರು ಅಂಜಬೇಕಾಗಿಲ್ಲ. ಈ ಮಾತು ಊರಿನ ಪ್ರತಿ ಮನೆಗೂ ತಲುಪಬೇಕು.