ಐದು ನಿಮಿಷ ಹದಿನಾಲ್ಕು ಸೆಕೆಂಡು

ಖೋ ಖೋ ಆಟವನ್ನು ನೋಡದ ಕನ್ನಡಿಗರು ಕಡಿಮೆ. ಅದನ್ನು ಗಮನವಿಟ್ಟು ನೋಡಿದವರೂ ಕಡಿಮೆಯೇ. ಶಾಲೆಯ ಅಂಗಳದಲ್ಲಿ ಮಕ್ಕಳು ಧೂಳೆಬ್ಬಿಸಿ ಆಡುವ, ಗಂಟೆ ಬಾರಿಸಿದೊಡನೆ ಮುಗಿದುಹೋಗುವ ಆಟವೆಂದೇ ನಮ್ಮಲ್ಲಿ ಹೆಚ್ಚಿನವರ ಭಾವನೆ. 1959-60ರಲ್ಲಿ ವಿಜಯವಾಡದಲ್ಲಿ ಅದರ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಯಿತು. ಮೊದಲ ವಿಶ್ವಕಪ್ಪು ಬರಲು ಅಲ್ಲಿಂದಾಚೆಗೆ ಅರವತ್ತೈದು ವರ್ಷ ಹಿಡಿಯಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಆ ವಿಶ್ವಕಪ್ಪಿನಲ್ಲಿ ಮಹಿಳೆಯರ ವಿಭಾಗಕ್ಕೆ ಹತ್ತೊಂಬತ್ತು ದೇಶಗಳ ತಂಡಗಳು ಬಂದಿದ್ದವು. ಗೆದ್ದ ಭಾರತ ತಂಡದಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳಿದ್ದಳು. ಆಕೆ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ. ಈಕೆಯ ಒಂದು ಓಟವನ್ನು ಕುರಿತೇ ಇಂದಿನ ನನ್ನ ಮಾತು.

ನಾನಿರುವುದು ಕಳಲೆಯಲ್ಲಿ, ಪಕ್ಕದ ನಂಜನಗೂಡು ತಾಲ್ಲೂಕಿನಲ್ಲಿ. ಕಳಲೆಯ ಹೆಸರು ಚರಿತ್ರೆಯಲ್ಲಿ ಉಳಿದಿರುವುದು ದಳವಾಯಿಗಳಿಂದ; ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿ ಅರಸರನ್ನು ಹೆಸರಿಗೆ ಮಾತ್ರ ಇಟ್ಟುಕೊಂಡು ತಾವೇ ಆಳಿದವರು ಅವರು. ಕುರುಬೂರಿನ ಹೆಸರನ್ನು ಪತ್ರಿಕೆ ಓದುವವರು ಬಲ್ಲದ್ದು ಕಬ್ಬು ಬೆಳೆಗಾರರ ಚಳವಳಿಯಿಂದ. ದಳವಾಯಿಯಾಗಲಿ ಚಳವಳಿಗಾರನಾಗಲಿ, ಎದುರು ನಿಂತವರ ಹೆಸರು ಉಳಿಯುತ್ತದೆ. ಕೈಗೆ ಸಿಗದೆ ನುಸುಳಿಹೋದವರನ್ನು ಚರಿತ್ರೆ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಖೋ ಖೋ ಆಟವಾದರೋ ತಪ್ಪಿಸಿಕೊಳ್ಳುವುದನ್ನೂ ಒಂದು ವಿದ್ಯೆಯೆಂದು ಒಪ್ಪಿಕೊಂಡಿದೆ.

ಆ ವಿದ್ಯೆಯ ಬಗೆಯನ್ನು ಸ್ವಲ್ಪ ವಿವರಿಸಬೇಕು. ಎರಡು ಕಂಬಗಳ ನಡುವಣ ಗೆರೆಯ ಮೇಲೆ ಎಂಟು ಮಂದಿ, ಒಬ್ಬರು ಈ ಕಡೆಗೆ ಒಬ್ಬರು ಆ ಕಡೆಗೆ ಮುಖಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಅಟ್ಟುವವರು. ಅಟ್ಟುವವರಿಗೆ ಮೂಲ ನಿಯಮದ ಕಟ್ಟುಪಾಡು ಬಲು ಬಿಗಿ: ಹಿಡಿದ ದಿಕ್ಕಿನಿಂದ ಹಿಂದಿರುಗುವಂತಿಲ್ಲ, ಕುಳಿತವರ ನಡುವೆ ದಾಟುವಂತಿಲ್ಲ. ಓಡುವವರಿಗೆ ಈ ಯಾವ ಕಟ್ಟೂ ಇಲ್ಲ. ಹಾಗಾದರೆ ಓಡುವವರದೇ ಸುಲಭವೆಂದು ತೋರುತ್ತದೆ. ಆದರೆ ಕುಳಿತ ಎಂಟು ಮಂದಿಯಲ್ಲಿ ಯಾರ ಬೆನ್ನಿಗೆ ಯಾವ ಕ್ಷಣದಲ್ಲಿ 'ಖೋ' ಎಂಬ ಸದ್ದು ಬೀಳುವುದೋ ಯಾರು ಬಲ್ಲರು? ಬಿದ್ದೊಡನೆ ದಣಿವೇ ಇಲ್ಲದ ಹೊಸ ಕಾಲುಗಳು ಮೇಲೇಳುತ್ತವೆ. ಓಡುವವರ ಕಾಲುಗಳು ಮಾತ್ರ ಮೊದಲಿನವೇ. ಅಟ್ಟುವವರ ಭುಜ ಎತ್ತ ವಾಲಿತು, ಕುಳಿತವರ ಹಿಮ್ಮಡಿ ಎಷ್ಟು ಬಿಗಿಯಿತು ಎಂಬುದನ್ನು ಓಡುತ್ತಲೇ ಓದಬೇಕು. ವೇಗವೊಂದನ್ನೇ ನಂಬಿದವರು ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತಾರೆ. ಕುಳಿತವರ ನಡುವೆ ಹೆಣಿಗೆಯ ಸೂಜಿಯಂತೆ ಈಚೆ ಆಚೆ ಸಾಗುತ್ತ, ಕಂಬದ ಬಳಿ ಕ್ಷಣಕಾಲ ನಿಧಾನಿಸಿ, ಅಟ್ಟುವವರು ಮೈಚಾಚಿದಾಗ ಒಂದೇ ಒಂದು ಹೆಜ್ಜೆ ಬದಲಿಸುವುದರಲ್ಲಿದೆ ನಿಜವಾದ ಕಸುಬು.

ಜನವರಿ 19ರಂದು ಅಂತಿಮ ಪಂದ್ಯ, ನೇಪಾಳದೊಡನೆ. ತಲಾ ಏಳು ನಿಮಿಷದ ನಾಲ್ಕು ಸರದಿಗಳು. ಮೊದಲ ಸರದಿಯಲ್ಲಿ ಭಾರತ ಅಟ್ಟಿ 34 ಅಂಕ ಗಳಿಸಿತು, ನೇಪಾಳದ್ದು ಸೊನ್ನೆ. ಎರಡನೆಯದು ಮುಗಿದಾಗ 35-24, ಮೂರನೆಯದು ಮುಗಿದಾಗ 73-24. ಉಳಿದದ್ದು ಕೊನೆಯ ಸರದಿ; ಈಗ ಅಟ್ಟುವವರು ನೇಪಾಳದವರು, ಓಡುವವರು ನಮ್ಮವರು. ಓಡುವವರು ಮೂವರು ಮೂವರಾಗಿ ಕಣಕ್ಕಿಳಿಯುತ್ತಾರೆ. ಒಂದು ಗುಂಪು ಮೂರು ನಿಮಿಷ ತಾಳಿದರೆ ಅದಕ್ಕೊಂದು ಅಂಕ, ಆಮೇಲೆ ಪ್ರತಿ ಅರ್ಧ ನಿಮಿಷಕ್ಕೊಂದು. ಚೈತ್ರಾ ಇದ್ದ ಗುಂಪು ಕಣದಲ್ಲಿ ಉಳಿದದ್ದು ಐದು ನಿಮಿಷ ಹದಿನಾಲ್ಕು ಸೆಕೆಂಡು. ಏಳು ನಿಮಿಷದ ಸರದಿಯಲ್ಲಿ ಮುಕ್ಕಾಲು ಪಾಲು! ಅದರಿಂದ ಬಂದ ಅಂಕ ಐದೇ ಐದು. ಪಂದ್ಯ 78-40ರಲ್ಲಿ ಮುಗಿಯಿತು. ಪಂದ್ಯದ ಶ್ರೇಷ್ಠ ಆಟಗಾರ್ತಿಯ ಗೌರವ ಚೈತ್ರಾಗೆ ಸಂದಿತು.

ಇಲ್ಲಿ ಒಂದು ಮಾತು. ಆ ಐದು ಅಂಕಗಳು ಬಾರದಿದ್ದರೂ ಭಾರತ ಗೆಲ್ಲುತ್ತಿತ್ತು. ನಲವತ್ತೊಂಬತ್ತು ಅಂಕಗಳ ಅಂತರ ಆಗಲೇ ಇತ್ತು. ಹೀಗಿರುವಾಗ ಎರಡು ನಿಮಿಷ ಓಡಿ, ಹಿಡಿದುಕೊಳ್ಳಲಿ ಎಂದು ನಿಂತಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಿಲ್ಲಲಿಲ್ಲ. ಶ್ರೇಷ್ಠ ಆಟಗಾರ್ತಿಯನ್ನು ಆರಿಸಿದವರು ಇದನ್ನು ಕಂಡರೆಂಬುದೇ ನನಗೆ ಸಂತೋಷ.

ಅನಂತರ ನಡೆದದ್ದು ಕಣದ ಹೊರಗಿನ ಮಾತು. ನಮ್ಮ ರಾಜ್ಯದ ಸರ್ಕಾರ ತಲಾ 5 ಲಕ್ಷ ರೂಪಾಯಿ ಬಹುಮಾನ ಸಾರಿತು. ಚೈತ್ರಾ, ಮತ್ತು ಪುರುಷರ ತಂಡದಲ್ಲಿದ್ದ ಕರ್ನಾಟಕದ ಎಂ. ಕೆ. ಗೌತಮ್, ಇಬ್ಬರೂ ಅದನ್ನು ಒಲ್ಲೆವೆಂದರು. ಇದೇ ಗೆಲುವಿಗೆ ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿಯನ್ನೂ ಸರ್ಕಾರಿ ಉದ್ಯೋಗವನ್ನೂ ಘೋಷಿಸಿತ್ತು. ಕೆಲವರು ಇದನ್ನು ದುರಾಸೆಯೆಂದರು. ನನಗೆ ಹಾಗೆ ತೋರುವುದಿಲ್ಲ. ರೈತರ ಮನೆಯ ಮಗಳಿಗೆ ಐದು ಲಕ್ಷ ಅಲ್ಪ ಮೊತ್ತವಲ್ಲ. ಅದನ್ನು ಬೇಡವೆನ್ನಲು ಎದೆಗಾರಿಕೆ ಬೇಕು. ಹಣದ ಹಿಂದೆ ಉದ್ಯೋಗದ ಪ್ರಶ್ನೆಯೂ ಇದೆ. ಓಟಗಾರ್ತಿಯ ಮಂಡಿಗಳು ಬಹುಕಾಲ ಬಾಳುವುದಿಲ್ಲ. 2022ರಲ್ಲಿ ಆರಂಭವಾದ ಅಲ್ಟಿಮೇಟ್ ಖೋ ಖೋ ಎಂಬ ವೃತ್ತಿಪರ ಲೀಗಿನ ಮೊದಲ ಎರಡು ಆವೃತ್ತಿಗಳೂ ಗಂಡಸರವು. ಮೂವತ್ತರ ಆಚೆಗೆ ಈ ಕಾಲುಗಳನ್ನು ನಂಬಿ ಬದುಕುವುದಾದರೂ ಹೇಗೆ?

ಅಮೆರಿಕದ ಸಣ್ಣ ಊರುಗಳಲ್ಲಿ ಹೈಸ್ಕೂಲು ಹುಡುಗರು ಅವರ ಬಗೆಯ ಫುಟ್‌ಬಾಲ್ ಆಡುತ್ತಾರೆ. ಚೆಂಡನ್ನು ಎದೆಗವಚಿಕೊಂಡು ಎದುರಾಳಿಗಳಿಂದ ನುಣುಚಿಕೊಳ್ಳುತ್ತ ಓಡುವ ಹುಡುಗನಿಗೆ ಅಲ್ಲಿ ಬಹಳ ಮರ್ಯಾದೆ. ಶುಕ್ರವಾರ ಸಂಜೆಯ ಪಂದ್ಯಕ್ಕೆ ಊರಿಗೆ ಊರೇ ನೆರೆಯುವುದುಂಟು. ಆತ ಓಡಿದ ಒಂದೊಂದು ಗಜವೂ ಲೆಕ್ಕಕ್ಕೆ ಸೇರುತ್ತದೆ. ನಲವತ್ತು ವರ್ಷ ಕಳೆದ ಮೇಲೂ ಊರಿನವರು ಆ ದಾಖಲೆ ಯಾರದೆಂದು ತೆಗೆದು ತೋರಿಸಬಲ್ಲರು. ಖೋ ಖೋ ಓಟಗಾರ್ತಿಯದೂ ಅದೇ ಕಸುಬು. ಆದರೆ ಅಂಥ ಲೆಕ್ಕದ ಪುಸ್ತಕವನ್ನು ನಮ್ಮ ಕಡೆಯ ಯಾವ ಶಾಲೆಯಲ್ಲೂ ನಾನು ಕಂಡವನಲ್ಲ. ಗೋಡೆಯ ಮೇಲೆ ಫಲಕ, ಬೀರುವಿನಲ್ಲಿ ಕಪ್ಪು, ಅಷ್ಟೇ. ಯಾವ ಹುಡುಗಿ ಯಾವ ವರ್ಷ ಎಷ್ಟು ಹೊತ್ತು ಸಿಗದೆ ಓಡಿದಳೆಂದು ಕೇಳಿದರೆ ಹೇಳುವವರಿಲ್ಲ. ದೆಹಲಿಯಲ್ಲಿ ಗಡಿಯಾರ ಹಿಡಿದವರಿದ್ದರು; ಆದ್ದರಿಂದ ಆ ಹದಿನಾಲ್ಕು ಸೆಕೆಂಡೂ ನಮಗೆ ಗೊತ್ತು. ಅದಕ್ಕೆ ಹಿಂದಿನ ಅದೆಷ್ಟೋ ಸಂಜೆಗಳ ಅಭ್ಯಾಸದಲ್ಲಿ ಆಕೆ ಎಷ್ಟು ಹೊತ್ತು ಓಡಿದ್ದಿರಬಹುದು?

ಹಳ್ಳಿಯ ಶಾಲೆಗಳ ದೈಹಿಕ ಶಿಕ್ಷಕರು ಯಾರಾದರೂ ಇದನ್ನು ಕೇಳುತ್ತಿದ್ದರೆ, ಅವರಲ್ಲಿ ನನ್ನದೊಂದು ಕೋರಿಕೆ. ನೂರು ಪುಟದ ಒಂದು ನೋಟುಪುಸ್ತಕ, ಒಂದು ಗಡಿಯಾರ ಸಾಕು. ಹುಡುಗಿಯ ಹೆಸರು, ತರಗತಿ, ತಾರೀಖು, ಓಡಿದ ನಿಮಿಷ, ಸೆಕೆಂಡು ಇಷ್ಟನ್ನು ಬರೆದಿಡಿ. ಇಂದಿನ ಸಂಜೆಯ ಆಟದಿಂದಲೇ ಮೊದಲು ಮಾಡಬಹುದು.