ಕೀಲಿನ ಊತವೂ ಹೃದಯದ ಕ್ಷೇಮವೂ



ಬೀಜ ಗೊಬ್ಬರದ ಮಾತನಾಡುವ ಗ್ರಾಮಸೇವಕನು ಇಂದು ಕಾಯಿಲೆಯ ಮಾತನ್ನೇಕೆ ಎತ್ತಿದನೆಂದು ನಿಮಗೆ ಆಶ್ಚರ್ಯವಾಗಬಹುದು. ಕಾರಣವಿದೆ. ನನ್ನ ಸೋದರತ್ತೆಯವರಿಗೆ ಬೆರಳ ಗಿಣ್ಣುಗಳು ಊದಿ, ಬೆಳಿಗ್ಗೆ ಹಾಲು ಕರೆಯಲೂ ಆಗುತ್ತಿರಲಿಲ್ಲ. ಅಂಗಡಿಯಿಂದ ತಂದ ನೋವಿನ ಮಾತ್ರೆಯಲ್ಲೇ ಆರು ವರ್ಷ ಕಳೆದರು. ಅವರ ಕೈ ಹೋಗುತ್ತದೆಂದು ನಾವು ಹೆದರಿದ್ದೆವು; ಹೋದದ್ದು ಜೀವ, ಅದೂ ಹೃದಯಾಘಾತದಿಂದ. ಎರಡಕ್ಕೂ ಸಂಬಂಧವಿರಬಹುದೆಂದು ನಾವು ಅರಿತಿರಲಿಲ್ಲ. ನೀವಾದರೂ ಅರಿತಿರಬೇಕೆಂದು ಈ ನಾಲ್ಕು ಮಾತು.

ದುಡಿದು ಸವೆದ ಮೊಣಕಾಲಿನ ನೋವು ಬೇರೆ, ಈ ಕಾಯಿಲೆ ಬೇರೆ. ಇದಕ್ಕೆ ರುಮಟಾಯ್ಡ್ ಸಂಧಿವಾತವೆಂದು ಹೆಸರು. ಸಾಮಾನ್ಯವಾಗಿ ಎರಡೂ ಕೈಗಳ ಸಣ್ಣ ಕೀಲುಗಳು ಊದುತ್ತವೆ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ, ಒಂದು ಗಂಟೆ ಬೆರಳು ಮಡಿಸಲು ಬರುವುದಿಲ್ಲ. ಗಂಡಸರಿಗಿಂತ ಹೆಂಗಸರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಈ ಉರಿಯೂತ ಕೀಲಿನಲ್ಲೇ ನಿಲ್ಲುವುದಿಲ್ಲ. ರಕ್ತನಾಳಗಳ ಒಳಗೋಡೆಯನ್ನೂ ಕೆಡಿಸುತ್ತದೆ. ಅಲ್ಲಿ ಕಾಲುವೆಯ ಹೂಳಿನಂತೆ ಕೊಬ್ಬು ಕಟ್ಟಿಕೊಳ್ಳುತ್ತದೆ. ಆದುದರಿಂದ ಈ ರೋಗಿಗಳಿಗೆ ಹೃದ್ರೋಗದ ಸಂಭವ ಇತರರಿಗಿಂತ ಸುಮಾರು ಒಂದೂವರೆ ಪಟ್ಟು.

ಹಾಗಾದರೆ ಮಾಡಬೇಕಾದುದೇನು?

ಒಂದು: ನೋವಿನ ಮಾತ್ರೆ ನೋವನ್ನು ಮರೆಸುತ್ತದೆ, ರೋಗವನ್ನು ತಡೆಯುವುದಿಲ್ಲ. ಡೈಕ್ಲೋಫೆನಾಕ್‌ನಂತಹ ಮಾತ್ರೆಯನ್ನು ಬಹುಕಾಲ ನುಂಗಿದರೆ ಹೃದಯಕ್ಕೂ ಮೂತ್ರಪಿಂಡಕ್ಕೂ ಅಪಾಯ. ಸ್ಟೀರಾಯ್ಡ್ ಮಾತ್ರೆ ಬೇಗ ಸುಖ ಕೊಡುತ್ತದೆ. ಆದರೆ ವರ್ಷಗಟ್ಟಲೆ ತಿಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ತರುತ್ತದೆ. ಈಗಾಗಲೇ ತಿನ್ನುತ್ತಿರುವವರು ತಟ್ಟನೆ ನಿಲ್ಲಿಸಲೂ ಬಾರದು. ವೈದ್ಯರನ್ನು ಕೇಳಿಯೇ ಇಳಿಸಬೇಕು.

ಎರಡು: ರೋಗವನ್ನೇ ಹಿಡಿದು ನಿಲ್ಲಿಸುವ ಔಷಧಗಳಿವೆ. ಅವುಗಳಲ್ಲಿ ಮುಖ್ಯವಾದುದು ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಗರ್ಭಿಣಿಯರು ತೆಗೆದುಕೊಳ್ಳಬಾರದು, ಹೆಂಡ ಸಾರಾಯಿ ಕೂಡದು, ಆಗಾಗ ರಕ್ತಪರೀಕ್ಷೆ ಆಗಬೇಕು. ಬಿತ್ತಿದ ಮರುದಿನವೇ ಪೈರು ಬರುವುದಿಲ್ಲ. ಹಾಗೆಯೇ ಈ ಮದ್ದು ನಾಟಲು ಆರರಿಂದ ಹನ್ನೆರಡು ವಾರ ಬೇಕು. ಮೂರು ತಿಂಗಳಾದರೂ ಗುಣ ಕಾಣದಿದ್ದರೆ ವೈದ್ಯರು ಬೇರೆ ಔಷಧ ಸೇರಿಸುತ್ತಾರೆ. ನಡುವೆ ಬಿಡಬೇಡಿ. ಉರಿಯೂತ ತಗ್ಗಿದಷ್ಟೂ ಹೃದಯದ ಮೇಲಿನ ಅಪಾಯವೂ ತಗ್ಗುತ್ತದೆ.

ಮೂರು: ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ಇಲ್ಲೊಂದು ಮೋಸವಿದೆ. ರೋಗ ಜೋರಾಗಿರುವಾಗ ಕೊಲೆಸ್ಟ್ರಾಲ್ ಕಡಮೆಯಾಗಿ ತೋರಬಹುದು. ಅದನ್ನು ಕಂಡು ನಿಶ್ಚಿಂತರಾಗಬೇಡಿ. ಊತ ಇಳಿದ ಮೇಲೆ ಮತ್ತೊಮ್ಮೆ ನೋಡಿಸಬೇಕು.

ನಾಲ್ಕು: ಬೀಡಿ ಬಿಡಿ. ಸೇದುವವರಿಗೆ ಈ ಕಾಯಿಲೆ ಬರುವ ಸಂಭವವೂ ಹೆಚ್ಚು, ಮದ್ದು ನಾಟುವುದೂ ಕಡಮೆ, ಹೃದಯಕ್ಕಂತೂ ನೇರ ಕೇಡು.

ಎದೆ ಹಿಂಡಿದಂತಾಗಿ, ಬೆವರಿ, ಉಸಿರು ಕಟ್ಟಿದರೆ ಮನೆಮದ್ದಿಗೆ ಕಾಯದೆ 108ಕ್ಕೆ ಕರೆ ಮಾಡಿ.

ಬಾಂಧವರೇ, ಎಮ್ಮೆಯ ಕೆಚ್ಚಲು ಊದಿದರೆ ಅಂದೇ ಪಶುವೈದ್ಯರಲ್ಲಿಗೆ ಓಡುತ್ತೇವೆ. ಅದೇ ಎಮ್ಮೆಯ ಹಾಲು ಕರೆಯುವ ಕೈ ಊದಿದರೆ ವರ್ಷಗಟ್ಟಲೆ ಸುಮ್ಮನಿರುತ್ತೇವೆ. ಇದು ನ್ಯಾಯವೇ? ಇಂದು ಮನೆಗೆ ಹೋದೊಡನೆ ತಾಯಿಯ, ಹೆಂಡತಿಯ ಬೆರಳುಗಳನ್ನು ಒಮ್ಮೆ ನೋಡಿ. ಊತ ಆರು ವಾರ ದಾಟಿದ್ದರೆ ಇನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರೆ, ಕೆಲಸದ ಕಾಲವೆಂದು ಮುಂದೂಡದೆ ಹೋಗಿ ಬನ್ನಿ. ನಮ್ಮ ಮನೆಯಲ್ಲಿ ತಡವಾಯಿತು. ನಿಮ್ಮ ಮನೆಯಲ್ಲಿ ಆಗದಿರಲಿ.